ಮದುವೆಯು ಮದ್ದಲ್ಲ

"ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು" ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ವಿರಳ. ಮದುವೆಯೆಂಬುದು ಸಕಲ ವ್ಯಾಧಿಗಳಿಗೂ ದಿವ್ಯೌಷಧವೆಂಬ ನಂಬಿಕೆಯು ನಮ್ಮ ಮನೆಗಳಲ್ಲಿ ಬಹುಕಾಲದಿಂದ ಬೇರೂರಿರುವುದು. ಹುಡುಗನು ಉಂಡಾಡಿಯಾಗಿ ತಿರುಗುತ್ತಿದ್ದರೆ, ಕಾಲಿಗೊಂದು ಕಟ್ಟು ಬಿದ್ದರೆ ಸರಿಹೋಗುವನೆನ್ನುವರು. ಹುಡುಗಿಯು ಮಂಕಾಗಿ ಮೂಲೆ ಹಿಡಿದರೆ, ಕೊರಳಿಗೆ ತಾಳಿ ಬಿದ್ದೊಡನೆ ಗೆಲುವಾಗುವಳೆನ್ನುವರು. ಈ ಮದ್ದು ಎಲ್ಲಿ ಫಲಿಸಿತು, ಎಲ್ಲಿ ಫಲಿಸಲಿಲ್ಲವೆಂಬ ಲೆಕ್ಕವನ್ನು ಇಟ್ಟವರಾರೂ ಇಲ್ಲ. ಆದರೆ ಒಂದು ಸಂದರ್ಭದಲ್ಲಿ ಇದು ಎಂದಿಗೂ ಫಲಿಸತಕ್ಕುದಲ್ಲವೆಂದೂ, ಒಬ್ಬರಿಗೆಂದು ಅರೆದ ಮದ್ದು ಇಬ್ಬರಿಗೆ ವಿಷವಾಗುವುದೆಂದೂ ನಿಶ್ಚಯವಾಗಿ ಹೇಳಬಹುದು. ಅದನ್ನು ಕುರಿತು ಈ ತಿಂಗಳು ನಾಲ್ಕು ಮಾತುಗಳನ್ನು ಬರೆಯಬೇಕೆಂದಿದ್ದೇವೆ. ವಿಷಯವು ಸಂಕೋಚದ್ದೆಂಬುದನ್ನು ನಾವು ಬಲ್ಲೆವು. ಆದರೂ ಸಂಸಾರವಂದಿಗರು ಓದತಕ್ಕ ಪತ್ರಿಕೆಯು ಸಂಸಾರಗಳನ್ನೇ ಒಡೆಯುತ್ತಿರುವ ಸಂಗತಿಯೊಂದನ್ನು ಹೇಳದೆ ಬಿಡುವುದು ಯುಕ್ತವಾಗಲಾರದು.

ಪ್ರಾಯಕ್ಕೆ ಬಂದ ಗಂಡಿನ ಮನಸ್ಸು ಹೆಣ್ಣಿನ ಕಡೆಗೂ, ಹೆಣ್ಣಿನ ಮನಸ್ಸು ಗಂಡಿನ ಕಡೆಗೂ ಹರಿಯುವುದು ಬಹುಜನರಲ್ಲಿ ಕಾಣುವ ರೀತಿ. ಆದರೆ ಎಲ್ಲ ದೇಶಗಳಲ್ಲಿಯೂ, ಎಲ್ಲ ಕಾಲಗಳಲ್ಲಿಯೂ ಕೆಲವರ ಒಲವು ತಮ್ಮ ಲಿಂಗದವರ ಕಡೆಗೇ ಹರಿಯುವುದುಂಟು. ಇನ್ನು ಕೆಲವರಿಗೆ ಇಬ್ಬರ ಕಡೆಗೂ ಒಲವಿರುವುದುಂಟು. ಮೊದಲನೆಯದಕ್ಕೆ ಸಲಿಂಗಾನುರಾಗವೆಂದು ಹೆಸರು. ಇದರೊಡನೆ ಜನರು ಬೆರೆಸಿಬಿಡುವ ಮತ್ತೊಂದು ಸಂಗತಿಯೂ ಇದೆ. ಗಂಡೆಂದು ಹೆಸರಿಟ್ಟು ಬೆಳೆಸಿದ ಮಗುವು ತಾನು ಹೆಣ್ಣೆಂದೋ, ಹೆಣ್ಣೆಂದು ಬೆಳೆಸಿದ ಮಗುವು ತಾನು ಗಂಡೆಂದೋ ಒಳಗಿನಿಂದ ಅರಿತುಕೊಳ್ಳುವುದುಂಟು. ಇಂಥವರನ್ನು ಈಗ ಲಿಂಗತ್ವ ಅಲ್ಪಸಂಖ್ಯಾತರೆಂದು ಕರೆಯುವರು. ಯಾರನ್ನು ಪ್ರೀತಿಸುವೆನೆಂಬುದು ಒಂದು ಪ್ರಶ್ನೆ. ನಾನು ಯಾರೆಂಬುದು ಇನ್ನೊಂದು ಪ್ರಶ್ನೆ. ಎರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಅನೇಕ ತಪ್ಪು ಕಲ್ಪನೆಗಳು ಹುಟ್ಟಿಕೊಂಡಿವೆ. ಆದರೆ ಮನೆಯವರಿಂದ ಈ ಇಬ್ಬರಿಗೂ ಒದಗುವ ಕಷ್ಟವು ಮಾತ್ರ ಬಹುಮಟ್ಟಿಗೆ ಒಂದೇ ತೆರನಾದುದು.

ಇದು ರೋಗವಲ್ಲವೇ ಎಂದು ಓದುಗರು ಕೇಳಬಹುದು. ವೈದ್ಯರೂ ಹಿಂದೆ ಹಾಗೆಯೇ ತಿಳಿದಿದ್ದರು. ಅಮೆರಿಕದ ಈವ್ಲಿನ್ ಹುಕರ್ ಎಂಬ ಮನಶ್ಶಾಸ್ತ್ರಜ್ಞೆಯು ೩೦ ಮಂದಿ ಸಲಿಂಗಾನುರಾಗಿ ಪುರುಷರನ್ನೂ, ೩೦ ಮಂದಿ ಇತರ ಪುರುಷರನ್ನೂ ಮಾನಸಿಕ ಪರೀಕ್ಷೆಗಳಿಗೆ ಗುರಿಪಡಿಸಿ, ಯಾರ ಉತ್ತರ ಯಾವುದೆಂಬುದನ್ನು ತಿಳಿಸದೆ ನುರಿತ ತಜ್ಞರ ಮುಂದಿರಿಸಿದಳು. ಇವರಲ್ಲಿ ಸಲಿಂಗಾನುರಾಗಿಗಳಾರೆಂದು ವಿಂಗಡಿಸಲು ಆ ತಜ್ಞರಿಂದಾಗಲಿಲ್ಲ. ಈ ಫಲಿತಾಂಶವು ೧೯೫೭ರಲ್ಲಿ ಪ್ರಕಟವಾಯಿತು. ೧೯೭೩ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ರೋಗಗಳ ಪಟ್ಟಿಯಿಂದ ಸಲಿಂಗಾನುರಾಗವನ್ನು ತೆಗೆದುಹಾಕಿತು. ವಿಶ್ವ ಆರೋಗ್ಯ ಸಂಸ್ಥೆಯು ೧೯೯೦ರಲ್ಲಿ ಅದನ್ನೇ ಮಾಡಿತು. ನಮ್ಮ ಭಾರತೀಯ ಮನೋವೈದ್ಯರ ಸಂಘವೂ ೨೦೧೮ರಲ್ಲಿ ಇದು ರೋಗವಲ್ಲವೆಂದು ಸಾರಿ ಹೇಳಿತು. ೨೦೨೨ರಲ್ಲಿ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗವು, ಈ ಒಲವನ್ನು ಬದಲಾಯಿಸಿಕೊಡುವೆನೆಂದು ಚಿಕಿತ್ಸೆಗೆ ತೊಡಗುವ ವೈದ್ಯನು ವೃತ್ತಿಧರ್ಮಕ್ಕೆ ದ್ರೋಹ ಬಗೆದವನಾಗುವನೆಂದು ತಿಳಿಸಿತು. ಆದುದರಿಂದ ಇಂದು ಯಾವನಾದರೂ "ನಿಮ್ಮ ಮಗನನ್ನು ಮೂರು ತಿಂಗಳಲ್ಲಿ ಸರಿಮಾಡಿಕೊಡುವೆನು" ಎಂದರೆ, ಅವನು ನಿಮ್ಮ ಹಣವನ್ನೂ ಮಗನ ಆರೋಗ್ಯವನ್ನೂ ಒಟ್ಟಿಗೆ ಕೊಂಡೊಯ್ಯುವವನೆಂದು ತಿಳಿಯತಕ್ಕದ್ದು.

ಇದೆಲ್ಲವೂ ಪಶ್ಚಿಮದೇಶಗಳಿಂದ ಬಂದ ನಡೆಯೆಂದು ಹೇಳುವವರಿದ್ದಾರೆ. ಪಶ್ಚಿಮದಿಂದ ಬಂದುದು ಒಂದುಂಟು, ನಿಜ. ಅದು ಶಿಕ್ಷೆಯ ಕಾನೂನು. ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿಯ ಕಾಲದಲ್ಲಿ, ೧೫೩೩ರಲ್ಲಿ ಇಂಥ ಸಂಬಂಧವು ಮರಣದಂಡನೆಗೆ ಅರ್ಹವಾದ ಅಪರಾಧವಾಯಿತು. ಆ ಭಾವನೆಯೇ ೧೮೬೦ರ ಭಾರತೀಯ ದಂಡಸಂಹಿತೆಯ ೩೭೭ನೆಯ ಕಲಮಾಗಿ ನಮ್ಮಲ್ಲಿಗೆ ಬಂದು, ೧೮೬೨ರಿಂದ ಜಾರಿಯಾಯಿತು. ಇಂಗ್ಲೆಂಡು ತನ್ನಲ್ಲಿ ಈ ಶಿಕ್ಷೆಯನ್ನು ೧೯೬೭ರಲ್ಲಿ ಬಹುಮಟ್ಟಿಗೆ ಕೈಬಿಟ್ಟಿತು. ನಾವು ಅದನ್ನು ಇನ್ನೂ ಐವತ್ತು ವರ್ಷ ಕಾಪಾಡಿಕೊಂಡು ಬಂದೆವು. ನಮ್ಮ ಹಿಂದಿನವರು ಈ ಸಂಗತಿಯನ್ನು ಅರಿಯದವರಲ್ಲ. ವಾತ್ಸ್ಯಾಯನನು ತೃತೀಯಾ ಪ್ರಕೃತಿಯೆಂದು ಒಂದು ವರ್ಗವನ್ನೇ ಹೇಳಿದ್ದಾನೆ. ಬೃಹನ್ನಳೆಯನ್ನೂ ಶಿಖಂಡಿಯನ್ನೂ ಅರಿಯದ ಕನ್ನಡಿಗನಿಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಜೋಗಪ್ಪಗಳನ್ನು ದೇವಿಯ ಭಕ್ತರೆಂದು ಜನರು ಕೈಮುಗಿದು ಕಾಣುವರು. ಹಾಗೆಂದು ಪ್ರಾಚೀನರೆಲ್ಲರೂ ಇವರನ್ನು ಆದರಿಸುತ್ತಿದ್ದರೆಂದು ಹೇಳಹೊರಟರೆ ಅದೂ ಅಸತ್ಯವಾದೀತು. ಧರ್ಮಶಾಸ್ತ್ರಗಳಲ್ಲಿ ಪ್ರಾಯಶ್ಚಿತ್ತ, ದಂಡಗಳೂ ವಿಧಿಸಲ್ಪಟ್ಟಿವೆ. ಇಂಥವರು ನಮ್ಮ ನಡುವೆ ಎಂದಿನಿಂದಲೂ ಇದ್ದರೆಂಬುದಿಷ್ಟೇ ಇದರಿಂದ ತೇಲುವ ಅಂಶ.

ಇನ್ನು ಕಾನೂನಿನ ಮಾತು. ೨೦೦೯ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು, ಪ್ರಾಪ್ತವಯಸ್ಕರಾದ ಇಬ್ಬರು ಪರಸ್ಪರ ಒಪ್ಪಿ ಏಕಾಂತದಲ್ಲಿ ನಡೆಸುವ ಬಾಳು ಅಪರಾಧವಲ್ಲವೆಂದಿತು. ೨೦೧೩ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿತು. ಮರುವರ್ಷವೇ ಅದೇ ನ್ಯಾಯಾಲಯವು ಲಿಂಗತ್ವ ಅಲ್ಪಸಂಖ್ಯಾತರಿಗೆ ತಮ್ಮ ಲಿಂಗವನ್ನು ತಾವೇ ಹೇಳಿಕೊಳ್ಳುವ ಹಕ್ಕುಂಟೆಂದು ತೀರ್ಮಾನಿಸಿತು. ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾದ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ವಿಚಾರದಲ್ಲಿ ಹೂಡಿದ್ದ ಮೊಕದ್ದಮೆಯಲ್ಲಿ, ಒಂಬತ್ತು ಮಂದಿ ನ್ಯಾಯಾಧೀಶರು ೨೦೧೭ರ ಆಗಸ್ಟ್ ೨೪ರಂದು ಖಾಸಗಿ ಬಾಳು ಮೂಲಭೂತ ಹಕ್ಕೆಂದು ಸಾರಿದರು. ಒಬ್ಬನ ಒಲವು ಯಾರ ಕಡೆಗೆಂಬುದೂ ಆ ಹಕ್ಕಿನೊಳಗೆ ಸೇರಿತು. ಕಡೆಗೆ ೨೦೧೮ರ ಸೆಪ್ಟೆಂಬರ್ ೬ರಂದು ಐವರು ನ್ಯಾಯಾಧೀಶರು ಏಕಕಂಠದಿಂದ ಈ ಬಾಳನ್ನು ಅಪರಾಧದ ಪಟ್ಟಿಯಿಂದ ತೆಗೆದರು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಮೇ ಇಲ್ಲ.

೨೦೧೮ರ ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಇಂದು ಮಲ್ಹೋತ್ರ ಅವರು ಒಂದು ಮಾತನ್ನು ಬರೆದರು. ಇವರು ಶತಮಾನಗಳಿಂದ ಅನುಭವಿಸಿದ ಅವಮಾನ ಬಹಿಷ್ಕಾರಗಳಿಗೆ ಪರಿಹಾರ ದೊರೆಯಲು ತಡವಾದುದಕ್ಕಾಗಿ, ಇತಿಹಾಸವು ಇವರಲ್ಲಿಯೂ, ಇವರ ಕುಟುಂಬದವರಲ್ಲಿಯೂ ಕ್ಷಮೆ ಬೇಡಬೇಕಾಗಿದೆ ಎಂಬುದು ಅದರ ಭಾವ. ಕುಟುಂಬದವರನ್ನು ಸೇರಿಸಿ ಹೇಳಿದುದನ್ನು ಗೃಹಸ್ಥರಾದ ನಾವು ವಿಶೇಷವಾಗಿ ಗಮನಿಸಬೇಕು. ಸಮಾಜದ ಭಯದಿಂದ ನೊಂದವರಲ್ಲಿ ತಂದೆತಾಯಿಗಳೂ ಇದ್ದಾರೆ. ಆದರೆ ಆ ಭಯಕ್ಕೆ ಬಲಿಬಿದ್ದು ಮಕ್ಕಳನ್ನು ನೋಯಿಸಿದವರಲ್ಲಿಯೂ ಅವರೇ ಇದ್ದಾರೆ. ನ್ಯಾಯಾಲಯವು ಪೊಲೀಸರ ಕೈಯನ್ನು ಕಟ್ಟಬಲ್ಲುದು. ಅಡಿಗೆಮನೆಯೊಳಕ್ಕೆ ಬಂದು ತಾಯಿಯ ಮನಸ್ಸನ್ನು ತಿದ್ದಲಾರದು.

ಒಂದು ಸಾಮಾನ್ಯ ಸಂಸಾರವನ್ನು ಊಹಿಸಿಕೊಳ್ಳೋಣ. ಮಗನಿಗೆ ಇಪ್ಪತ್ತೊಂಬತ್ತು ವರ್ಷ. ಬೆಂಗಳೂರಿನಲ್ಲಿ ಒಳ್ಳೆಯ ಉದ್ಯೋಗ. ಜಾತಕಗಳು ಬಂದು ಬೀಳುತ್ತಿವೆ. ಅವನು ಒಂದಿಲ್ಲೊಂದು ನೆವ ಹೇಳಿ ಮುಂದೂಡುತ್ತ, ಒಂದು ದಿನ ಧೈರ್ಯ ಮಾಡಿ, "ಅಮ್ಮಾ, ನನಗೆ ಹುಡುಗಿಯರಲ್ಲಿ ಮನಸ್ಸಿಲ್ಲ, ಇದು ಇಂದಿನದಲ್ಲ, ನನಗೆ ತಿಳಿವಳಿಕೆ ಬಂದಾಗಿನಿಂದ ಹೀಗೆಯೇ" ಎನ್ನುತ್ತಾನೆ. ತಾಯಿ ಅಳುತ್ತಾಳೆ. ತಂದೆ ಎರಡು ದಿನ ಮಾತು ಬಿಡುತ್ತಾನೆ. ಆಮೇಲೆ ಹರಕೆ, ಶಾಂತಿ, ಗ್ರಹಬಲದ ವಿಚಾರ. ಕೊನೆಗೆ ಸೋದರಮಾವನು ಬಂದು, "ಒಂದು ಮದುವೆ ಮಾಡಿ ನೋಡಿ ಅಕ್ಕಾ, ಹೆಂಡತಿ ಬಂದರೆ ಎಲ್ಲವೂ ತಾನಾಗಿ ಸರಿಹೋಗುತ್ತದೆ" ಎನ್ನುತ್ತಾನೆ. ತಾಯಿಯು ತಾನು ಅನ್ನನೀರು ಬಿಡುವೆನೆಂದು ಹೆದರಿಸಲು, ಮಗನು ತಲೆಬಾಗಿ ಹಸೆಮಣೆಯ ಮೇಲೆ ಕುಳಿತುಕೊಳ್ಳುತ್ತಾನೆ. ಛತ್ರದಲ್ಲಿ ಸಾವಿರ ಜನ ಉಂಡು ಹರಸಿ ಹೋಗುತ್ತಾರೆ.

ಇಲ್ಲಿಯವರೆಗಿನ ಕಥೆಯಲ್ಲಿ ಒಬ್ಬರ ಸುದ್ದಿಯನ್ನೇ ಯಾರೂ ಎತ್ತಲಿಲ್ಲ. ಪಕ್ಕದ ಮಣೆಯ ಮೇಲೆ ಕುಳಿತ ಆ ಹುಡುಗಿಯು ಯಾರು? ಆಕೆಯೂ ಒಂದು ಮನೆಯಲ್ಲಿ ಮುದ್ದಿನಿಂದ ಬೆಳೆದವಳು. ಆಕೆಯ ತಂದೆಯೂ ಸಾಲಸೋಲ ಮಾಡಿ ಧಾರೆಯೆರೆದವನು. ಗಂಡನು ತನ್ನಲ್ಲಿ ಮನಸ್ಸಿಡದಿರಲು, ಆಕೆಯು ಮೊದಲು ತನ್ನ ರೂಪವನ್ನು ದೂರಿಕೊಳ್ಳುವಳು. ಆಮೇಲೆ ತನ್ನ ನಡತೆಯಲ್ಲಿ ಏನು ಕೊರತೆಯೋ ಎಂದು ಹುಡುಕಿಕೊಳ್ಳುವಳು. ವರ್ಷ ತುಂಬುವುದರೊಳಗೆ ಬಂಧುಗಳು "ಏನಾದರೂ ವಿಶೇಷವುಂಟೋ?" ಎಂದು ಕೇಳತೊಡಗುವರು. ಎರಡು ವರ್ಷವಾದರೆ ಬಂಜೆಯೆಂಬ ಮಾತು ಬೆನ್ನ ಹಿಂದೆ ಕೇಳಿಬರುವುದು. ನಿಜವನ್ನು ಬಲ್ಲ ಅತ್ತೆಯು ಆಗಲೂ ಬಾಯಿ ಬಿಡಳು. ಮಗನೋ, ಮನೆಯಲ್ಲಿ ವಂಚಕನಂತೆಯೂ ಹೊರಗೆ ಕಳ್ಳನಂತೆಯೂ ಬಾಳುತ್ತ, ತನ್ನಿಂದ ಒಂದು ಜೀವವು ಹಾಳಾಯಿತೆಂದು ಒಳಗೊಳಗೇ ಬೇಯುವನು. ಹೀಗೆ ಒಂದು ಮನೆಯ ಮಾನವನ್ನು ಕಾಯುವುದಕ್ಕಾಗಿ ಇನ್ನೊಂದು ಮನೆಯ ಮಗಳನ್ನು ಒತ್ತೆಯಿಟ್ಟಂತಾಯಿತು. ಇದಕ್ಕಿಂತ ದೊಡ್ಡ ಅಧರ್ಮವು ಗೃಹಸ್ಥನಿಗೆ ಯಾವುದುಂಟು?

ಕಾನೂನೂ ಇದನ್ನು ಕಣ್ಣುಮುಚ್ಚಿ ಸಹಿಸದು. ವರನಿಗೆ ಅಥವಾ ವಧುವಿಗೆ ಸಂಬಂಧಪಟ್ಟ ಮುಖ್ಯ ಸಂಗತಿಯನ್ನು ವಂಚನೆಯಿಂದ ಮರೆಸಿ ಒಪ್ಪಿಗೆ ಪಡೆದಿದ್ದರೆ, ಅಂಥ ಮದುವೆಯನ್ನು ರದ್ದುಪಡಿಸಬೇಕೆಂದು ಕೇಳುವ ಅಧಿಕಾರವನ್ನು ೧೯೫೫ರ ಹಿಂದೂ ವಿವಾಹ ಕಾಯಿದೆಯ ೧೨ನೆಯ ಕಲಮು ಕೊಡುತ್ತದೆ. ವಂಚನೆಯು ತಿಳಿದ ಒಂದು ವರ್ಷದೊಳಗೆ ಅರ್ಜಿಯನ್ನು ಹಾಕಬೇಕು. ಆದರೆ ರದ್ದಾದ ಕಾಗದವನ್ನು ಹಿಡಿದು ತವರಿಗೆ ಮರಳಿದ ಮಗಳಿಗೆ, ಕಳೆದುಹೋದ ವರ್ಷಗಳನ್ನು ಹಿಂದಕ್ಕೆ ಕೊಡುವ ಕಲಮು ಯಾವ ಕಾಯಿದೆಯಲ್ಲಿಯೂ ಇಲ್ಲ.

ಹೆಣ್ಣುಮಕ್ಕಳ ಗತಿಯು ಇದಕ್ಕಿಂತ ಕಠಿಣ. ಹೆಣ್ಣನ್ನು ಪ್ರೀತಿಸುವ ಮಗಳನ್ನು ಬಲವಂತದಿಂದ ಮದುವೆ ಮಾಡಿಕೊಟ್ಟರೆ, ಅವಳಿಗೆ ನೆವ ಹೇಳಿ ಹೊರಗೆ ಉಳಿಯುವ ಸ್ವಾತಂತ್ರ್ಯವೂ ಇರದು. ಮನಸ್ಸಿಲ್ಲದ ಸಂಗವನ್ನು ಆಯುಷ್ಯವೆಲ್ಲ ಸಹಿಸಬೇಕಾಗುವುದು. ಈ ಭಯದಿಂದಲೇ ಮಧುರೆಯ ಕಡೆಯ ಇಬ್ಬರು ತರುಣಿಯರು ೨೦೨೧ರಲ್ಲಿ ಮನೆ ಬಿಟ್ಟು ಚೆನ್ನೈಗೆ ಹೋದರು. ಮಕ್ಕಳು ಕಾಣೆಯಾಗಿದ್ದಾರೆಂದು ಮನೆಯವರು ದೂರು ಕೊಟ್ಟರು. ತಮಗೆ ರಕ್ಷಣೆ ಬೇಕೆಂದು ತರುಣಿಯರು ಮದ್ರಾಸ್ ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ನ್ಯಾಯಮೂರ್ತಿ ಆನಂದ ವೆಂಕಟೇಶ್ ಅವರು ಅವಸರದಿಂದ ತೀರ್ಪು ಕೊಡಲಿಲ್ಲ. ಮನಶ್ಶಾಸ್ತ್ರಜ್ಞೆಯೊಬ್ಬರು ಆ ಮಕ್ಕಳೊಡನೆಯೂ, ತಂದೆತಾಯಿಗಳೊಡನೆಯೂ ಮಾತನಾಡುವಂತೆ ಏರ್ಪಡಿಸಿದರು. ಬಳಿಕ ತಮ್ಮಲ್ಲಿಯೂ ಪೂರ್ವಗ್ರಹಗಳುಂಟೆಂದು ಬಹಿರಂಗವಾಗಿ ಒಪ್ಪಿಕೊಂಡು, ವಿಷಯವನ್ನು ಅರಿಯಲು ತಾವೇ ಮನಶ್ಶಾಸ್ತ್ರಜ್ಞೆಯ ಮುಂದೆ ಶಿಷ್ಯರಂತೆ ಕುಳಿತರು. ತಂದೆತಾಯಿಗಳಿಗಿದ್ದ ಚಿಂತೆಯು ಎರಡು: ಸಮಾಜದ ನಿಂದೆ, ಮತ್ತು ಮಕ್ಕಳ ಕ್ಷೇಮ. ಜೂನ್ ೭ರ ಆಜ್ಞೆಯಲ್ಲಿ ನ್ಯಾಯಮೂರ್ತಿಗಳು, ಇಂಥ ಪ್ರಾಪ್ತವಯಸ್ಕರನ್ನು ಪೊಲೀಸರು ಪೀಡಿಸಕೂಡದೆಂದೂ, ಒಲವನ್ನು ಬದಲಿಸುವ ಚಿಕಿತ್ಸೆಗಳು ನಿಲ್ಲಬೇಕೆಂದೂ ವಿಧಿಸಿದರು. ವೈದ್ಯಕೀಯ ಆಯೋಗದ ೨೦೨೨ರ ಸೂಚನೆಯು ಇದೇ ಮೊಕದ್ದಮೆಯ ಫಲ. ಅಧಿಕಾರದ ಪೀಠದಲ್ಲಿ ಕುಳಿತವರೇ ತಿಳಿಯದುದನ್ನು ಕೇಳಿ ತಿಳಿಯಲು ನಾಚಲಿಲ್ಲವೆಂದ ಮೇಲೆ, ಹೆತ್ತವರಿಗೆ ನಾಚಿಕೆಯೇಕೆ?

ಅದೇ ನ್ಯಾಯಾಲಯದ ಮುಂದೆ ೨೦೨೫ರ ಮೇ ತಿಂಗಳಲ್ಲಿ, ಮನೆಯವರು ಕೂಡಿಹಾಕಿದ್ದ ಇಪ್ಪತ್ತೈದು ವರ್ಷದ ತರುಣಿಯೊಬ್ಬಳನ್ನು ಬಿಡಿಸಬೇಕೆಂದು ಆಕೆಯ ಸಂಗಾತಿಯು ಮೊರೆಯಿಟ್ಟಳು. ನ್ಯಾಯಾಧೀಶರಿಬ್ಬರು ತಾಯಿಗೆ ತಿಳಿಹೇಳಲು ಯತ್ನಿಸಿ ವಿಫಲರಾಗಿ, ಎಲ್ಲ ಹೆತ್ತವರೂ ನ್ಯಾಯಮೂರ್ತಿ ಲೀಲಾ ಸೇಠ್ ಅವರಂತಿರುವುದಿಲ್ಲವೆಂದು ಬರೆದು, ಆ ತರುಣಿಯನ್ನು ಬಂಧನದಿಂದ ಬಿಡಿಸಿದರು. ಮದುವೆಯೊಂದೇ ಸಂಸಾರವನ್ನು ಕಟ್ಟುವ ಮಾರ್ಗವಲ್ಲವೆಂದೂ ಹೇಳಿದರು.

ಈ ಲೀಲಾ ಸೇಠ್ ಅವರು ಯಾರೆಂದು ಓದುಗರು ತಿಳಿಯಬೇಕು. ೧೯೯೧ರಲ್ಲಿ ಹಿಮಾಚಲ ಪ್ರದೇಶದ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶೆಯಾಗಿ, ಉಚ್ಚ ನ್ಯಾಯಾಲಯವೊಂದಕ್ಕೆ ಮುಖ್ಯಸ್ಥೆಯಾದ ಭಾರತದ ಮೊದಲ ಮಹಿಳೆಯೆನಿಸಿದವರು. ಪ್ರಸಿದ್ಧ ಲೇಖಕ ವಿಕ್ರಮ್ ಸೇಠ್ ಇವರ ಹಿರಿಯ ಮಗ. ಮಗನ ಒಲವು ಬೇರೆ ತೆರನಾದುದೆಂಬುದನ್ನು ಒಪ್ಪಿಕೊಳ್ಳುವುದು ತಮಗೂ ಪತಿಗೂ ಮೊದಮೊದಲು ಸುಲಭವಾಗಿರಲಿಲ್ಲವೆಂಬುದನ್ನು ಅವರು ೨೦೦೩ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದರು. ೨೦೧೩ರ ತೀರ್ಪು ಬಂದಾಗ, ಎಂಬತ್ತಮೂರರ ವಯಸ್ಸಿನಲ್ಲಿ, ಅವರು ಪತ್ರಿಕೆಯಲ್ಲಿ ಲೇಖನ ಬರೆದು, ತಮ್ಮ ಪ್ರೀತಿಯ ಮಗನು ಈಗ ಅಪರಾಧಿಯೆನಿಸಿಕೊಂಡನೆಂದು ತಾಯಿಯಾಗಿ ನೊಂದರು. ಆ ತೀರ್ಪಿನ ತಪ್ಪೇನೆಂಬುದನ್ನು ನ್ಯಾಯಾಧೀಶೆಯಾಗಿ ತೋರಿಸಿದರು. ೨೦೧೮ರ ತೀರ್ಪನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. ೨೦೧೭ರ ಮೇ ತಿಂಗಳಲ್ಲಿ ತೀರಿಕೊಂಡರು. ಆದರೆ ಮಗನಿಗೆ ಮನೆಯಲ್ಲಿ ನ್ಯಾಯವು ದೊರಕಲು ಅವರು ಯಾವ ತೀರ್ಪಿಗೂ ಕಾಯಲಿಲ್ಲ.

ಇಷ್ಟನ್ನು ಓದಿದ ಗೃಹಸ್ಥರು ಕೆಲವು ಆಕ್ಷೇಪಗಳನ್ನು ಎತ್ತಬಹುದು. "ನಾಲ್ಕು ಜನ ಏನೆನ್ನುವರು? ಚಿಕ್ಕವಳ ಮದುವೆಗೆ ಅಡ್ಡಿಯಾಗದೇ?" ಎಂಬುದು ಮೊದಲನೆಯದು. ಜನರು ಆಡಿಕೊಳ್ಳುವರೆಂಬುದು ನಿಜ. ಆದರೆ ಮದುವೆಯಾಗದ ಮಗನನ್ನು ಕುರಿತು ಆಡುವ ಮಾತಿಗಿಂತ, ಮುರಿದುಬಿದ್ದ ಮದುವೆಯನ್ನು ಕುರಿತು ಆಡುವ ಮಾತು ಹೆಚ್ಚು ದಿನ ನಿಲ್ಲುವುದು. "ವಂಶವು ನಿಂತುಹೋಗುವುದಲ್ಲ!" ಎಂಬುದು ಎರಡನೆಯದು. ಮನಸ್ಸಿಲ್ಲದ ದಾಂಪತ್ಯದಿಂದ ವಂಶವನ್ನು ಬೆಳೆಸಿದರೆ, ದುಃಖದ ಮನೆಯಲ್ಲಿ ಬೆಳೆಯುವ ಮಗುವಿನ ಗತಿಯನ್ನೂ ಯೋಚಿಸಬೇಡವೇ? "ಮುಪ್ಪಿನಲ್ಲಿ ಅವನಿಗೆ ಯಾರು ದಿಕ್ಕು?" ಎಂಬುದು ಮೂರನೆಯದು, ಇದು ಪ್ರೀತಿಯಿಂದ ಹುಟ್ಟಿದ ಚಿಂತೆಯಾದುದರಿಂದ ಸರಿಯಾದ ಉತ್ತರಕ್ಕೆ ಅರ್ಹವಾದುದು. ಒಂದೇ ಲಿಂಗದ ಇಬ್ಬರ ಮದುವೆಗೆ ನಮ್ಮ ದೇಶದಲ್ಲಿ ಕಾನೂನಿನ ಮನ್ನಣೆಯಿಲ್ಲ. ಅದು ಶಾಸನಸಭೆಯು ತೀರ್ಮಾನಿಸಬೇಕಾದ ವಿಷಯವೆಂದು ಸರ್ವೋಚ್ಚ ನ್ಯಾಯಾಲಯವು ೨೦೨೩ರ ಅಕ್ಟೋಬರ್ ೧೭ರಂದು ಹೇಳಿತು. ನೇಪಾಳದಲ್ಲಿ ೨೦೨೩ರಲ್ಲಿ ಇಂಥ ಮದುವೆಯೊಂದು ದಾಖಲಾಯಿತು. ಥಾಯ್ಲೆಂಡಿನಲ್ಲಿ ೨೦೨೫ರ ಜನವರಿಯಿಂದ ಕಾನೂನೇ ಜಾರಿಗೆ ಬಂದಿತು. ನಮ್ಮಲ್ಲಿ ಇಬ್ಬರು ಸಂಗಾತಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆಯನ್ನು ತೆರೆಯಲೂ, ಒಬ್ಬರನ್ನೊಬ್ಬರು ನಾಮಿನಿಯಾಗಿ ಹೆಸರಿಸಲೂ ಅಡ್ಡಿಯಿಲ್ಲವೆಂದು ಕೇಂದ್ರ ಸರ್ಕಾರವು ೨೦೨೪ರಲ್ಲಿ ಸ್ಪಷ್ಟಪಡಿಸಿದೆ. ಸ್ವಯಾರ್ಜಿತ ಆಸ್ತಿಯನ್ನು ಉಯಿಲಿನ ಮೂಲಕ ಬೇಕಾದವರಿಗೆ ಬರೆದಿಡಬಹುದು. ಮಗನ ಮುಪ್ಪಿನ ಚಿಂತೆಯುಳ್ಳ ತಂದೆಯು ಕನ್ಯೆಯನ್ನು ಹುಡುಕುವ ಶ್ರಮವನ್ನು ಬಿಟ್ಟು, ಈ ಕಾಗದಪತ್ರಗಳನ್ನು ಸರಿಮಾಡಿಸಲು ನೆರವಾದರೆ ನಿಜವಾದ ಉಪಕಾರವಾಗುವುದು.

ಮನೆಯಿಂದ ಹೊರಹಾಕುವುದಂತೂ ಎಂದಿಗೂ ಸಲ್ಲದು. ಬಳ್ಳಾರಿಯ ಕಡೆ ಹುಟ್ಟಿದ ಮಂಜಮ್ಮ ಜೋಗತಿಯವರು ಎಳೆಯ ಪ್ರಾಯದಲ್ಲಿ ಮನೆಯನ್ನು ಬಿಟ್ಟು, ಭಿಕ್ಷೆ ಬೇಡಿ ಬದುಕಿ, ಜೋಗತಿ ನೃತ್ಯವನ್ನು ಕಲಿತು, ೨೦೧೯ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. ೨೦೨೧ರಲ್ಲಿ ಪದ್ಮಶ್ರೀಯನ್ನು ಪಡೆದರು. ಅದೇ ವರ್ಷ ನಮ್ಮ ರಾಜ್ಯ ಸರ್ಕಾರವು ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ಹುದ್ದೆಗಳಲ್ಲಿ ನೂರಕ್ಕೆ ಒಂದರಂತೆ ಮೀಸಲಾತಿಯನ್ನು ಕೊಟ್ಟು, ದೇಶದಲ್ಲಿ ಮೊದಲಿನದೆನಿಸಿತು. ಇದು ಹೆಮ್ಮೆಯ ಸಂಗತಿಯೇ ಸರಿ. ಆದರೆ ಮನೆ ಬಿಟ್ಟ ಮಕ್ಕಳೆಲ್ಲರೂ ಪದ್ಮಶ್ರೀಯವರೆಗೆ ಉಳಿದು ಬರುವರೆಂದು ನಂಬಿ ಯಾರೂ ಬಾಗಿಲು ಹಾಕಿಕೊಳ್ಳತಕ್ಕದ್ದಲ್ಲ.

ಹಾಗಾದರೆ ಮಾಡತಕ್ಕದ್ದೇನು? ಮಗನಾಗಲಿ ಮಗಳಾಗಲಿ ಈ ಮಾತನ್ನು ಹೇಳಿದ ದಿನ, ತಾಯಿತಂದೆಗಳು ಉತ್ತರವನ್ನು ಕೊಡಲು ಆತುರಪಡಬಾರದು. "ನೀನು ಹೇಳಿದೆಯಲ್ಲ, ಒಳ್ಳೆಯದಾಯಿತು, ನಮಗೆ ತಿಳಿಯಲು ಸ್ವಲ್ಪ ಕಾಲ ಬೇಕು" ಎಂದರೆ ಆ ದಿನಕ್ಕೆ ಅಷ್ಟು ಸಾಕು. ಮಕ್ಕಳ ಅಪ್ಪಣೆಯಿಲ್ಲದೆ ಅದನ್ನು ಬಂಧುಗಳಲ್ಲಿ ಹೇಳಕೂಡದು. ತಮ್ಮ ಸಾಕಣೆಯಲ್ಲಿ ತಪ್ಪಾಯಿತೆಂದು ದಂಪತಿಗಳು ಒಬ್ಬರನ್ನೊಬ್ಬರು ದೂರಕೂಡದು. ಯಾರ ತಪ್ಪಿನಿಂದಲೂ ಆದುದಲ್ಲ. ಮನಸ್ಸು ತಡೆಯದಿದ್ದರೆ ೧೪೪೧೬ ಎಂಬ ಸಂಖ್ಯೆಗೆ ದೂರವಾಣಿಯಲ್ಲಿ ಕೇಳಬಹುದು. ಇದು ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ಸೇವೆ, ಕನ್ನಡದಲ್ಲಿಯೂ ಮಾತನಾಡುವರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇದರ ಕೇಂದ್ರ. ಓದುವ ಅಭ್ಯಾಸವುಳ್ಳವರು ವಸುಧೇಂದ್ರರ 'ಮೋಹನಸ್ವಾಮಿ' ಎಂಬ ೨೦೧೩ರ ಕಥಾಸಂಕಲನವನ್ನು ತರಿಸಿ ಓದಬಹುದು. ಇಂಥ ತರುಣನ ಅಂತರಂಗವು ನಮ್ಮ ಕನ್ನಡದಲ್ಲಿಯೇ, ನಮ್ಮ ಊರುಮನೆಗಳ ನಡುವೆಯೇ ಅಲ್ಲಿ ತೆರೆದಿದೆ.

ಸಂಬಂಧವನ್ನು ನೋಡಲು ಹೊರಡುವಾಗ ನಾವು ಗಣಕೂಟವನ್ನು ನೋಡುವೆವು, ನಾಡಿಕೂಟವನ್ನು ನೋಡುವೆವು. ಮನೆತನ, ವಿದ್ಯೆ, ಸಂಬಳಗಳನ್ನು ಮೂರು ಕಡೆ ವಿಚಾರಿಸುವೆವು. ಹತ್ತು ಕೂಟಗಳನ್ನು ನೋಡುವುದಕ್ಕೆ ಮೊದಲು ಮಗನನ್ನೋ ಮಗಳನ್ನೋ ಏಕಾಂತದಲ್ಲಿ ಕರೆದು, "ನಿನಗೆ ಈ ಮದುವೆಯಲ್ಲಿ ಮನಸ್ಸುಂಟೋ?" ಎಂದು ಒಮ್ಮೆ ಕೇಳಿರಿ. ಬಂದ ಉತ್ತರವು ಯಾವುದೇ ಆಗಲಿ, ಅದನ್ನು ನಂಬಿರಿ. ಹಾಗೆ ಮಾಡಿದರೆ ನಿಮ್ಮ ಮನೆಯ ಮಗುವೂ ಉಳಿಯುವುದು, ಕಂಡರಿಯದ ಇನ್ನೊಂದು ಮನೆಯ ಮಗುವೂ ಉಳಿಯುವುದು.